ಸ್ಕ್ಯಾನರ್ ಕೊಳ್ಳುವ ಮುನ್ನ ನಾಲ್ಕು ಪರೀಕ್ಷೆ

ಸೆಕೆಂಡಿಗೆ 20 ಲಕ್ಷ ಬಿಂದುಗಳ ಅಳತೆ! ಲೇಸರ್ ಸ್ಕ್ಯಾನರ್ ಮಾರುವವರ ಮೊದಲ ಮಾತೇ ಇದು. ಅಷ್ಟಕ್ಕೇ ಮರುಳಾಗಬೇಡಿ.

ಹೈದರಾಬಾದಿನ ಮಿಯಾಪುರಕ್ಕೆ ಬನ್ನಿ. 2017ರ ನವೆಂಬರಿನಲ್ಲಿ ನಗರದ ಮೆಟ್ರೊ ಉದ್ಘಾಟನೆಯಾದ ಜಾಗ. ಸುತ್ತ ಎತ್ತರದ ಅಪಾರ್ಟ್‌ಮೆಂಟುಗಳು. ಕೆಲವೇ ಕಿಲೋಮೀಟರ್ ಆಚೆ ಬೊಲ್ಲಾರಂನ ಔಷಧ ಕಾರ್ಖಾನೆಗಳು. ಕಟ್ಟಡಕ್ಕೂ ಕಾರ್ಖಾನೆಗೂ ಒಂದೇ ಸ್ಕ್ಯಾನರ್ ಸಾಕೇ? ಪರೀಕ್ಷಿಸಿ ನೋಡೋಣ.

ಬಹುತೇಕ ಸ್ಕ್ಯಾನರ್‌ಗಳ ಗುಟ್ಟು ಸರಳ. ಬೆಳಕು ಬಿಡು, ಅದು ಗೋಡೆಗೆ ಬಡಿದು ಮರಳುವ ಹೊತ್ತನ್ನು ಅಳೆ. ಲೆಕ್ಕ ಒಂದು ನ್ಯಾನೊಸೆಕೆಂಡ್ ತಪ್ಪಿದರೆ ದೂರ 15 ಸೆಂಟಿಮೀಟರ್ ತಪ್ಪುತ್ತದೆ!

ಪರೀಕ್ಷೆ ಒಂದು: ದೂರ. ಲೈಕಾ ಆರ್‌ಟಿಸಿ360 ಸ್ಕ್ಯಾನರಿನ ನಿಖರತೆ 10 ಮೀಟರಿನಲ್ಲಿ 1.9 ಮಿಲಿಮೀಟರ್, 40 ಮೀಟರಿನಲ್ಲಿ 5.3. ಯಾರಾದರೂ ಮಿಲಿಮೀಟರ್ ಹೇಳಿದರೆ, ‘ಎಷ್ಟು ದೂರಕ್ಕೆ?’ ಎಂದು ಕೇಳಿ.

ಎರಡು: ಮೇಲ್ಮೈ. ಬಿಳಿ ಗೋಡೆಯಲ್ಲಿ ಎಲ್ಲ ಸ್ಕ್ಯಾನರೂ ಜಾಣ. ಹೊಳೆಯುವ ಸ್ಟೀಲ್ ಪೈಪು, ಕಪ್ಪು ರಬ್ಬರು, ಗಾಜು ಎದುರಾದಾಗ ಬಣ್ಣ ಬಯಲು.

ಮೂರು: ಜೋಡಣೆ. ಹಲವು ಕಡೆ ನಿಂತು ಸ್ಕ್ಯಾನ್ ಮಾಡುತ್ತ ಇಡೀ ಮಹಡಿ ಸುತ್ತಿ, ಹೊರಟಲ್ಲಿಗೇ ಬನ್ನಿ. ಮೊದಲ ಸ್ಕ್ಯಾನೂ ಕೊನೆಯದೂ ಕೂಡುತ್ತವೆಯೇ? ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣದಿಂದ ಅಳೆದ ನಾಲ್ಕಾರು ಬಿಂದುಗಳ ಜೊತೆ ತಾಳೆ ನೋಡಿ.

ನಾಲ್ಕು: ಬಿಸಿಲು. ಆರ್‌ಟಿಸಿ360ರ ಮಿತಿ 40 ಡಿಗ್ರಿ. ಹೈದರಾಬಾದಿನ ಮೇ ತಿಂಗಳು ಅದನ್ನೂ ದಾಟುತ್ತದೆ. ಹೊರಗಿನ ಕೆಲಸ ಮುಂಜಾನೆಯೇ ಮುಗಿಸಿ.

ಕೊನೇ ಮಾತು: ಡೆಮೊ ಶೋರೂಮಿನಲ್ಲಿ ಬೇಡ, ನಿಮ್ಮ ಸೈಟಿನಲ್ಲೇ ಕೇಳಿ. ಅಲ್ಲಿ ಗೆದ್ದರೆ ಮಾತ್ರ ಹಣ ಬಿಚ್ಚಿ.