ಬೆನ್ನುಚೀಲದ ಆಯ್ಕೆ: ಗಟ್ಟಿತನವೋ, ಹಗುರತನವೋ?

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ಕುರ್ಡಿ ಎಂಬ ಗ್ರಾಮವಿದೆ. ಆ ಊರಿನಿಂದ ದಿನವೂ ಬಸ್ಸಿನಲ್ಲಿ ಬಂದು ಓದುವ ನನ್ನ ವಿದ್ಯಾರ್ಥಿಯೊಬ್ಬನು ಒಂದು ಬೆಳಿಗ್ಗೆ ಎರಡು ಬೆನ್ನುಚೀಲಗಳನ್ನು ಹಿಡಿದುಕೊಂಡು ಪ್ರಯೋಗಶಾಲೆಗೆ ಬಂದನು. ಒಂದು, ಸೈನ್ಯದಿಂದ ನಿವೃತ್ತರಾದ ಅವನ ಸೋದರಮಾವ ಪ್ರೀತಿಯಿಂದ ಕೊಟ್ಟುದು: ಒತ್ತಾಗಿ ನೇಯ್ದ ಕ್ಯಾನ್‌ವಾಸು, ಚರ್ಮದ ಪಟ್ಟಿಗಳು, ಹಿತ್ತಾಳೆಯ ಬಕಲ್ಲುಗಳು. ಇನ್ನೊಂದು, ಅಣ್ಣನು ಪೇಟೆಯಿಂದ ಕೊಂಡುತಂದ ತೆಳುವಾದ ನೈಲಾನ್ ಚೀಲ. ಮೊದಲನೆಯದನ್ನು ಕಂಡವರೆಲ್ಲರೂ ಮೆಚ್ಚುತ್ತಾರೆ. ಆದರೆ ಸಂಜೆಯ ವೇಳೆಗೆ ಹೆಗಲು ನೋಯುತ್ತದೆ. ಎರಡನೆಯದು ಹಗುರ, ಆದರೆ ವರ್ಷ ತುಂಬುವುದರೊಳಗೆ ಹರಿದೀತೆಂಬ ಭಯ. ಮಾವನಿಗೆ ಬೇಸರವಾಗದಂತೆ ಯಾವುದನ್ನು ಆರಿಸಲಿ ಎಂಬುದು ಅವನ ಪ್ರಶ್ನೆ. ಮಾವನ ಬೇಸರವು ಭೌತವಿಜ್ಞಾನದ ಎಲ್ಲೆಗೆ ಹೊರಗಿನದು. ಉಳಿದುದನ್ನು ತಕ್ಕಡಿಯನ್ನೇ ಕೇಳೋಣ ಎಂದೆ.

ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಬರಿಯ ಚೀಲಗಳನ್ನು ತೂಗುಹಾಕಿದೆವು. ಕ್ಯಾನ್‌ವಾಸಿನದು 1.8 ಕಿಲೋಗ್ರಾಂ, ನೈಲಾನಿನದು 0.6 ಕಿಲೋಗ್ರಾಂ ತೂಗಿತು. ಚೀಲವು ಹೊರೆಯನ್ನು ಹೊರುವ ಸಾಧನವಾಗಿರುವಂತೆ ತಾನೂ ಒಂದು ಹೊರೆಯೇ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಕೇಂದ್ರ ಸರ್ಕಾರವು 2020ರಲ್ಲಿ ಪ್ರಕಟಿಸಿದ ಶಾಲಾ ಚೀಲಗಳ ನೀತಿಯು, ಚೀಲದ ಒಟ್ಟು ತೂಕವು ವಿದ್ಯಾರ್ಥಿಯ ದೇಹದ ತೂಕದ ನೂರರಲ್ಲಿ ಹತ್ತು ಪಾಲನ್ನು ಮೀರಬಾರದೆಂದು ಹೇಳುತ್ತದೆ. ಅದಕ್ಕೆ ಮೊದಲೇ, 2019ರಲ್ಲಿ, ಕರ್ನಾಟಕ ಸರ್ಕಾರವು 9 ಮತ್ತು 10ನೆಯ ತರಗತಿಗಳ ಮಕ್ಕಳಿಗೆ 4ರಿಂದ 5 ಕಿಲೋಗ್ರಾಂಗಳ ಮಿತಿಯನ್ನು ಗೊತ್ತುಪಡಿಸಿತ್ತು. ನಮ್ಮ ವಿದ್ಯಾರ್ಥಿಯ ತೂಕ 50 ಕಿಲೋಗ್ರಾಂ. ಹತ್ತನೆಯ ಒಂದು ಪಾಲಿನ ಲೆಕ್ಕದಂತೆ ಅವನು 5 ಕಿಲೋಗ್ರಾಂ ಹೊರಬಹುದು. ಕ್ಯಾನ್‌ವಾಸಿನ ಚೀಲವನ್ನು ಆರಿಸಿಕೊಂಡರೆ ಪುಸ್ತಕ, ಬುತ್ತಿ, ನೀರುಗಳಿಗೆ ಉಳಿಯುವುದು 3.2 ಕಿಲೋಗ್ರಾಂ, ನೈಲಾನಿನದಾದರೆ 4.4 ಕಿಲೋಗ್ರಾಂ. ಈ 1.2 ಕಿಲೋಗ್ರಾಂಗಳ ಅಂತರವು ಎರಡು ದಪ್ಪ ಪಠ್ಯಪುಸ್ತಕಗಳ ತೂಕಕ್ಕೆ ಸಮವಾಗಿದೆ.

ಆದರೆ ತೂಕವೊಂದೇ ನೋವಿಗೆ ಕಾರಣವಲ್ಲ. ಒಂದೇ ಬಲವು ಕಿರಿದಾದ ಜಾಗದ ಮೇಲೆ ಬಿದ್ದರೆ ಒತ್ತಡ ಹೆಚ್ಚು, ವಿಶಾಲವಾದ ಜಾಗದ ಮೇಲೆ ಬಿದ್ದರೆ ಕಡಮೆ ಎಂಬುದನ್ನು ನೀವು ತರಗತಿಯಲ್ಲಿ ಓದಿದ್ದೀರಿ. 5 ಕಿಲೋಗ್ರಾಂ ಹೊರೆಯನ್ನು ಎರಡು ಹೆಗಲುಗಳೂ ಸಮನಾಗಿ ಹಂಚಿಕೊಂಡಾಗ ಒಂದೊಂದರ ಪಾಲಿಗೆ 2.5 ಕಿಲೋಗ್ರಾಂ ಬರುತ್ತದೆ. ಮಾವನ ಚೀಲದ ಚರ್ಮದ ಪಟ್ಟಿಯ ಅಗಲ 2.5 ಸೆಂಟಿಮೀಟರು. ಅದು ಹೆಗಲಿನ ಮೇಲೆ 8 ಸೆಂಟಿಮೀಟರು ಉದ್ದಕ್ಕೆ ಒರಗಿದೆಯೆಂದು ಭಾವಿಸಿದರೆ, 20 ಚದರ ಸೆಂಟಿಮೀಟರು ಜಾಗವು ಈ ಭಾರವನ್ನೆಲ್ಲ ತಾಳಬೇಕು. ಎಂದರೆ ಚದರ ಸೆಂಟಿಮೀಟರಿಗೆ 125 ಗ್ರಾಂ. ನೈಲಾನ್ ಚೀಲದ ಮೆತ್ತೆಯ ಪಟ್ಟಿಯ ಅಗಲ 5 ಸೆಂಟಿಮೀಟರು. ಆದುದರಿಂದ ಒತ್ತಡವು ಅರ್ಧಕ್ಕಿಳಿದು 62.5 ಗ್ರಾಂ ಆಗುತ್ತದೆ. ಒಂದೇ ಹೆಗಲಿಗೆ ಚೀಲವನ್ನು ನೇತುಹಾಕಿಕೊಂಡು ಹೋಗುವುದು ಕೆಲವರಿಗೆ ಸೊಗಸೆನಿಸಬಹುದು. ಆದರೆ ಹಾಗೆ ಮಾಡಿದಾಗ ಆ ಹೆಗಲಿನ ಮೇಲಣ ಒತ್ತಡವು ಇಮ್ಮಡಿಯಾಗುವುದಲ್ಲದೆ ದೇಹವೂ ಒಂದು ಪಕ್ಕಕ್ಕೆ ವಾಲುತ್ತದೆ.

ಇನ್ನು ಗುರುತ್ವಕೇಂದ್ರದ ಮಾತು. 5 ಕಿಲೋಗ್ರಾಂ ಹೊರೆಯ ಗುರುತ್ವಕೇಂದ್ರವು ದೇಹದ ಗುರುತ್ವಕೇಂದ್ರಕ್ಕಿಂತ 20 ಸೆಂಟಿಮೀಟರು ಹಿಂದೆ ಇದ್ದರೆ, ಎರಡೂ ಸೇರಿದ ಗುರುತ್ವಕೇಂದ್ರವು ಸುಮಾರು 1.8 ಸೆಂಟಿಮೀಟರು ಹಿಂದಕ್ಕೆ ಸರಿಯುತ್ತದೆ; ಹೊರೆಯು 30 ಸೆಂಟಿಮೀಟರು ಹಿಂದೆ ಇದ್ದರೆ 2.7 ಸೆಂಟಿಮೀಟರು. ಇದನ್ನು ಮತ್ತೆ ಪಾದಗಳ ನೇರಕ್ಕೆ ತರುವುದಕ್ಕಾಗಿಯೇ ನಾವು ನಮಗರಿವಿಲ್ಲದೆ ಮುಂದಕ್ಕೆ ಬಾಗುತ್ತೇವೆ. ಆದಕಾರಣ ಭಾರವಾದ ಪುಸ್ತಕಗಳನ್ನು ಬೆನ್ನಿಗೆ ತಾಗುವಂತೆ ಇಟ್ಟು, ಹಗುರವಾದ ವಸ್ತುಗಳನ್ನು ಹೊರಭಾಗದಲ್ಲಿ ಇಡತಕ್ಕದ್ದು. ನಮ್ಮ ಹಿರಿಯರು ಈ ತತ್ತ್ವವನ್ನು ಅನುಭವದಿಂದ ಬಲ್ಲವರಾಗಿದ್ದರು. ಹಿಂದೆ ವ್ಯಾಪಾರಿಗಳು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಹಸಿಬೆ ಚೀಲಕ್ಕೆ ಎರಡು ತುದಿಗಳಲ್ಲಿಯೂ ಚೀಲ. ಒಂದು ಎದೆಯ ಕಡೆಗೆ, ಇನ್ನೊಂದು ಬೆನ್ನಿನ ಕಡೆಗೆ. ಮುಂದಿನ ಭಾರವು ಹಿಂದಿನ ಭಾರವನ್ನು ಸರಿದೂಗಿಸುವುದರಿಂದ ಹೊತ್ತವನು ನೆಟ್ಟಗೆ ನಡೆಯಬಹುದಾಗಿತ್ತು.

ಹಾಗಾದರೆ ಕ್ಯಾನ್‌ವಾಸಿನಲ್ಲಿ ಗುಣವೇ ಇಲ್ಲವೆ? ನಿಶ್ಚಯವಾಗಿಯೂ ಉಂಟು. ರಾಯಚೂರು ಸೀಮೆಯ ಹೊಲಗಳಲ್ಲಿ ಬೆಳೆಯುವ ಹತ್ತಿಯೇ ಅದರ ಮೂಲದ್ರವ್ಯ. ಹತ್ತಿಯ ನಾರು ನೆನೆದಾಗ ಉಬ್ಬಿ ನೇಯ್ಗೆಯ ಸಂದುಗಳನ್ನು ಮುಚ್ಚುತ್ತದೆ. ಅದರ ಬಲವೂ ಒಣಗಿದ್ದಾಗ ಇದ್ದುದಕ್ಕಿಂತ ಹೆಚ್ಚುತ್ತದೆ. ಲಾರಿಗಳ ಮುಂಭಾಗದಲ್ಲಿ ತೂಗುಹಾಕುತ್ತಿದ್ದ ಕ್ಯಾನ್‌ವಾಸಿನ ನೀರಿನ ಚೀಲಗಳು ಈ ಗುಣವನ್ನೇ ನಂಬಿದ್ದವು: ಸಂದುಗಳಿಂದ ಅಲ್ಪಸ್ವಲ್ಪ ಜಿನುಗುವ ನೀರು ಆವಿಯಾಗುತ್ತ ಒಳಗಿನ ನೀರನ್ನು ತಂಪಾಗಿಸುತ್ತಿತ್ತು. ಆದರೆ ಮಳೆಯಲ್ಲಿ ನೆನೆದ ಕ್ಯಾನ್‌ವಾಸು ನೀರನ್ನು ಕುಡಿದು ಇನ್ನಷ್ಟು ಭಾರವಾಗುತ್ತದೆ, ನಿಧಾನವಾಗಿ ಒಣಗುತ್ತದೆ. 1935ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ವ್ಯಾಲೇಸ್ ಕರೋದರ್ಸರು ತಯಾರಿಸಿದ ನೈಲಾನು ಬಹಳ ಕಡಮೆ ನೀರನ್ನು ಹೀರುತ್ತದೆ. ಒಂದೇ ತೂಕದ ನೂಲುಗಳನ್ನು ಹೋಲಿಸಿದರೆ ಹತ್ತಿಗಿಂತ ಹೆಚ್ಚಿನ ಎಳೆತವನ್ನು ತಾಳಬಲ್ಲುದು. ಆದರೂ ಅದಕ್ಕೆ ಒಂದು ಶತ್ರುವುಂಟು, ಅದೇ ಬಿಸಿಲು. ಸೂರ್ಯಕಿರಣದಲ್ಲಿರುವ ಅತಿನೇರಳೆ ಕಿರಣಗಳು ನೈಲಾನಿನ ಉದ್ದವಾದ ಅಣುಸರಪಣಿಗಳನ್ನು ತುಂಡರಿಸುತ್ತವೆ. ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಸೀಮೆಯಲ್ಲಿ ಇಂತಹ ಚೀಲವನ್ನು ಅನಾವಶ್ಯಕವಾಗಿ ಬಿಸಿಲಿನಲ್ಲಿ ಬಿಡಬಾರದು.

ಚೀಲ ಹರಿಯುವುದು ಎಲ್ಲಿ? ಹಳೆಯ ಚೀಲಗಳನ್ನು ಪರೀಕ್ಷಿಸಿ ನೋಡಿ. ನಡುಬಟ್ಟೆಯು ಹರಿಯುವುದು ಅಪೂರ್ವ; ಪಟ್ಟಿಯು ಚೀಲಕ್ಕೆ ಕೂಡುವ ಬುಡವೂ ನೆಲಕ್ಕೆ ಉಜ್ಜುವ ತಳವೂ ಮೊದಲು ಸೋಲುತ್ತವೆ. ಬಸ್ಸು ಬಂತೆಂದು 5 ಕಿಲೋಗ್ರಾಂ ಚೀಲವನ್ನು ಸರಕ್ಕನೆ ಮೇಲೆತ್ತುವಾಗ, ಅದರ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷದ ಅರ್ಧದಷ್ಟಾದರೂ ಸಾಕು, ಪಟ್ಟಿಗಳ ಮೇಲಣ ಎಳೆತವು 7.5 ಕಿಲೋಗ್ರಾಂ ಭಾರಕ್ಕೆ ಏರುತ್ತದೆ. ಇಂತಹ ಎಳೆತವು ಮತ್ತೆ ಮತ್ತೆ ಬಿದ್ದರೆ ಒಂದೇ ಸಾಲು ಹೊಲಿಗೆ ಕ್ರಮೇಣ ಸಡಿಲವಾಗಬಹುದು. ಚೌಕಾಕಾರವಾಗಿ ಹೊಲಿದು ಅದರೊಳಗೆ ಗುಣಾಕಾರದ ಗುರುತಿನಂತೆ ಮತ್ತೊಮ್ಮೆ ಹೊಲಿದರೆ ಬಲವು ಅನೇಕ ಎಳೆಗಳಿಗೆ ಹಂಚಿಹೋಗುತ್ತದೆ. ಎಂದರೆ, ಬಲ ಬೀಳುವ ಕಡೆಯಲ್ಲಿ ಮಾತ್ರ ಗಟ್ಟಿತನವಿದ್ದರೆ ಸಾಕು. ಚೀಲದುದ್ದಕ್ಕೂ ಗಟ್ಟಿತನವನ್ನು ತುಂಬಿದರೆ ಅದರ ಬೆಲೆಯನ್ನು ಹೆಗಲು ತೆರಬೇಕಾಗುತ್ತದೆ.

ಪರಂಪರೆಯೆಂದು ನಾವು ಇಂದು ಮೆಚ್ಚುವ ವಸ್ತುಗಳು ತಮ್ಮ ಕಾಲದಲ್ಲಿ ಬಳಕೆಯ ವಸ್ತುಗಳೇ ಆಗಿದ್ದುವೆಂಬುದನ್ನೂ ಇಲ್ಲಿ ನೆನೆಯಬೇಕು. ಸ್ವೀಡನ್ ದೇಶದಲ್ಲಿ 1978ರಲ್ಲಿ ಕೋಂಕೆನ್ ಎಂಬ ಸರಳವಾದ ಚೌಕ ಚೀಲವು ಹೊರಬಂದಿತು. ಶಾಲಾಮಕ್ಕಳನ್ನು ಬೆನ್ನುನೋವಿನಿಂದ ಪಾರುಮಾಡುವುದೇ ಅದರ ಉದ್ದೇಶವಾಗಿತ್ತು. ಇಂದು ಅನೇಕ ದೇಶಗಳಲ್ಲಿ ಜನರು ಅದನ್ನು ಹಳೆಯ ಕಾಲದ ಸೊಗಸಿಗಾಗಿ ಕೊಳ್ಳುತ್ತಾರೆ. ಸೈನಿಕನ ಕ್ಯಾನ್‌ವಾಸು ಚೀಲವೂ ಹಾಗೆಯೇ. ಮುಳ್ಳು, ಕಲ್ಲು, ಕೆಸರುಗಳ ನಡುವೆ ಅದರ ತೂಕಕ್ಕೆ ಅರ್ಥವಿತ್ತು. ಬಸ್ಸಿನಿಂದ ತರಗತಿಗೆ ನಡೆಯುವವನಿಗೆ ಆ ತೂಕದಿಂದ ಪ್ರಯೋಜನವಿಲ್ಲ.

ವಾಚಕರು ತಮ್ಮ ಚೀಲವನ್ನು ಇಂದೇ ಪರೀಕ್ಷಿಸಬಹುದು. ತೂಕದ ಯಂತ್ರದ ಮೇಲೆ ಚೀಲವಿಲ್ಲದೆ ಒಮ್ಮೆ, ತುಂಬಿದ ಚೀಲದೊಡನೆ ಒಮ್ಮೆ, ಬರಿಯ ಚೀಲದೊಡನೆ ಇನ್ನೊಮ್ಮೆ ನಿಂತು ನೋಡಿರಿ. ವ್ಯತ್ಯಾಸಗಳು ಎಲ್ಲವನ್ನೂ ಹೇಳುತ್ತವೆ.

ನಮ್ಮ ವಿದ್ಯಾರ್ಥಿಯು ಒಂದು ವಾರದ ಮೇಲೆ ನೈಲಾನ್ ಚೀಲವನ್ನೇ ಹೊತ್ತು ಬಂದನು. ಅದರ ತಳಕ್ಕೆ ಕ್ಯಾನ್‌ವಾಸಿನ ಒಂದು ತುಂಡು ಹೊಲಿದಿತ್ತು. ಪಟ್ಟಿಗಳ ಬುಡದಲ್ಲಿ ಅಚ್ಚುಕಟ್ಟಾದ ಚೌಕ ಹೊಲಿಗೆ ಬಿದ್ದಿತ್ತು. ಲೆಕ್ಕವನ್ನೆಲ್ಲ ಕೇಳಿದ ಮಾವನವರು ತಾವೇ ಸೂಜಿ ಹಿಡಿದು ಕುಳಿತರಂತೆ. ಅವರು ಕೊಟ್ಟ ಚೀಲವು ಈಗ ಕುಡುಗೋಲು, ಬುತ್ತಿ, ನೀರುಗಳನ್ನು ಹೊತ್ತುಕೊಂಡು ಅವರೊಡನೆ ಹೊಲಕ್ಕೆ ಹೋಗುತ್ತಿದೆ. ಮತ್ತೊಮ್ಮೆ ತೂಗಿ ನೋಡಿದೆವು: ನೈಲಾನ್ ಚೀಲಕ್ಕೆ ಹೊಸದಾಗಿ ಕೂಡಿದುದು 90 ಗ್ರಾಂ ಮಾತ್ರ.