ಚಿಪ್ಪಿನೊಳಗಿನ ನೀರಿನ ಲೆಕ್ಕ

ನೈಲ್ ನದಿಯ ಬಯಲಿನ ಬೆರ್ಮಾ ಎಂಬ ಹಳ್ಳಿಯವರು ಹೇಂಟೆಯ ಹಂಗಿಲ್ಲದೆ, ದೊಡ್ಡ ಒಲೆಗಳಲ್ಲಿ ಸಾವಿರಗಟ್ಟಲೆ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡುತ್ತಿದ್ದರು. ಗುಟ್ಟು ಮನೆತನ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಫ್ರಾನ್ಸಿನ ವಿಜ್ಞಾನಿ ರೆಯೊಮ್ಯೂರ್‌ಗೆ ಇದು ಸವಾಲಾಗಿ ಕಂಡಿತು. ಗುಟ್ಟೆಂದರೆ ಶಾಖ ತಾನೇ? ಅವನ ಹೆಸರಿನದೇ ಉಷ್ಣಮಾಪಕವಿತ್ತು. ಕೋಳಿಯ ಕಾವು ಅದರಲ್ಲಿ 32 ಡಿಗ್ರಿ. ಇಂದಿನ ಲೆಕ್ಕಕ್ಕೆ 40 ಡಿಗ್ರಿ ಸೆಲ್ಸಿಯಸ್.

ಸೌದೆಯ ಖರ್ಚೇಕೆಂದು ಅವನು ತಿಪ್ಪೆಗೇ ಕೈಹಾಕಿದ. ಕೊಳೆಯುವ ಲದ್ದಿ ತಾನಾಗಿಯೇ ಬಿಸಿಯಾಗುತ್ತದಲ್ಲ! ಬಿಸಿಯೇನೋ ಸಿಕ್ಕಿತು, ಮರಿ ಸಿಗಲಿಲ್ಲ. ಒಡೆದು ನೋಡಿದರೆ ಒಳಗೆಲ್ಲ ಸತ್ತ ಭ್ರೂಣಗಳು. ಮತ್ತೆ ಇಟ್ಟ, ಮತ್ತೆ ಸತ್ತವು.

ಹಿಂದೊಮ್ಮೆ ಅವನು ಮೊಟ್ಟೆ ಕೆಡದಂತೆ ವಾರ್ನಿಷ್ ಬಳಿದು ನೋಡಿದ್ದ. ಒಳಗಿನ ತೇವ ಹಾರದಿದ್ದರೆ ಮೊಟ್ಟೆ ಬಹುಕಾಲ ತಾಜಾ ಉಳಿಯುತ್ತಿತ್ತು. ಅಂದಮೇಲೆ ಚಿಪ್ಪು ಗೋಡೆಯಲ್ಲ, ಜರಡಿ. ಹಾಗಾದರೆ ಕೊಲ್ಲುತ್ತಿದ್ದುದು ತಿಪ್ಪೆಯ ಹಬೆ! ಅವನು ಲದ್ದಿಯ ನಡುವೆ ಪೀಪಾಯಿ ಹೂತ, ಒಳಮೈಗೆ ಗಾರೆ ಮೆತ್ತಿದ, ಮೊಟ್ಟೆಗಳನ್ನು ಬುಟ್ಟಿಯಲ್ಲಿಟ್ಟು ಒಳಗಿಳಿಸಿದ. ಶಾಖ ಬಂತು, ಹಬೆ ಬರಲಿಲ್ಲ. ಚಿಪ್ಪುಗಳು ಬಿರಿದವು. 1749ರಲ್ಲಿ ಆ ಸಾಹಸವನ್ನೆಲ್ಲ ಪುಸ್ತಕ ಮಾಡಿದ.

ಹಬೆ ಕೆಟ್ಟದ್ದೆಂದು ಗೊತ್ತಾಯಿತು, ಅಷ್ಟೇ. ಮುಂದೆ ಇನ್‌ಕ್ಯುಬೇಟರ್ ಬಂದಾಗ ಅದರೊಳಗೆ ನೀರಿನ ತಟ್ಟೆ ಇಡಬೇಕಾಯಿತು! ಮದಕರಿಪುರದಂಥ ಬಯಲುಸೀಮೆಯ ಊರಿನಲ್ಲಿ ಏಪ್ರಿಲ್ ಬಿಸಿಲಿಗೆ ಆ ತಟ್ಟೆ ಬತ್ತಿತೋ, ಮರಿ ಒಣಗಿದ ಪೊರೆಗೆ ಅಂಟಿಕೊಂಡು ಚಿಪ್ಪಿನಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ತೇವ ಅತಿಯಾಯಿತೋ, ಉಬ್ಬಿದ ಮರಿಗೆ ಹೊರಳಲು ಜಾಗವಿಲ್ಲ. ಒಂದೇ ನೀರು, ಎರಡು ಬಗೆಯ ಸಾವು.

ಈ ಒಗಟನ್ನು ಬಿಡಿಸಿದವರು ಕೋಳಿ ಸಾಕುವವರಲ್ಲ. ಅಮೆರಿಕದ ಬಫಲೊ ವಿಶ್ವವಿದ್ಯಾಲಯದ ಹರ್ಮನ್ ರಾನ್ ಮನುಷ್ಯರ ಉಸಿರಾಟವನ್ನು, ಅದರಲ್ಲೂ ಎತ್ತರದ ತೆಳುಗಾಳಿಯ ಉಸಿರಾಟವನ್ನು ಅಭ್ಯಾಸ ಮಾಡಿದವರು. ಎದೆ ಏರಿಳಿಯದೆಯೇ ಉಸಿರಾಡುವ ಮೊಟ್ಟೆ ಅವರನ್ನು ಸೆಳೆಯಿತು. ಚಾರ್ಲ್ಸ್ ಪಾಗನೆಲಿ ಮತ್ತು ಟೆಲ್ ಅವೀವ್‌ನ ಆಮೊಸ್ ಆರ್ ಜೊತೆಯಾದರು. ಉಪಾಯ ತೀರ ಸರಳ: ನೀರು ಹೀರುವ ವಸ್ತು ತುಂಬಿದ ಮುಚ್ಚಿದ ಪಾತ್ರೆಯಲ್ಲಿ ಮೊಟ್ಟೆ ಇಡುವುದು, ದಿನವೂ ತೂಗುವುದು. ಬಗೆಬಗೆಯ ಹಕ್ಕಿಗಳ ಮೊಟ್ಟೆಗಳು ತಕ್ಕಡಿ ಏರಿ ಇಳಿದವು. ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 10,000 ರಂಧ್ರಗಳು. ಅವುಗಳಿಂದ ನೀರು ಸೋರುವ ವೇಗ ಹೊರಗಿನ ತೇವದ ಮೇಲೆ ನಿಂತಿತ್ತು.

1980ರಲ್ಲಿ ಆರ್ ಮತ್ತು ರಾನ್ ಲೆಕ್ಕ ಮುಗಿಸಿದರು. ಭ್ರೂಣ ಹಳದಿಯ ಕೊಬ್ಬನ್ನು ಉರಿಸಿದಾಗ ಹೊಸ ನೀರು ಹುಟ್ಟುತ್ತದೆ; ಹೆಚ್ಚಾದ ನೀರು ಹೊರಹೋಗಲೇಬೇಕು. 60 ಗ್ರಾಂ ಮೊಟ್ಟೆ ಸುಮಾರು 9 ಗ್ರಾಂ ನೀರು ಕಳೆದುಕೊಂಡರೆ, ಮರಿ ಹೊರಬರುವ ಹೊತ್ತಿಗೆ ಒಳಗಿನ ನೀರಿನ ಪಾಲು ತಾಜಾ ಮೊಟ್ಟೆಯಲ್ಲಿದ್ದಷ್ಟೇ ಇರುತ್ತದೆ. ತೆರವಾದ ಜಾಗಕ್ಕೆ ದಪ್ಪ ತುದಿಯಲ್ಲಿ ಗಾಳಿ ಸೇರುತ್ತದೆ. ಮರಿಯ ಮೊದಲ ಉಸಿರು ಅಲ್ಲಿಯದೇ. ಇನ್‌ಕ್ಯುಬೇಟರಿನಲ್ಲಿ ಮೊದಲ 18 ದಿನ ತೇವಾಂಶ ಶೇ. 50-55ರ ಆಸುಪಾಸಿನಲ್ಲಿಟ್ಟು, ಪೊರೆ ಒಣಗದಿರಲೆಂದು ಕೊನೆಯ 3 ದಿನ ಶೇ. 65-70ಕ್ಕೆ ಏರಿಸುವುದು ಇದೇ ಲೆಕ್ಕಕ್ಕೆ.