ಚಾನಲ್ ಇಪ್ಪತ್ನಾಲ್ಕು, ಬೇಕಾದ್ದು ಎರಡೇ!

ತೆರೆಯ ಮೇಲೆ ನಾಯಕ ತುಟಿ ಅಲ್ಲಾಡಿಸುತ್ತಾನೆ, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಬೀಳುತ್ತದೆ. ಆದರೆ ಆ ಶಿಳ್ಳೆಯಲ್ಲಿ ಅರ್ಧ ಪಾಲು, ತೆರೆಯ ಮೇಲೆ ಎಂದೂ ಕಾಣದ ಒಬ್ಬಾತನಿಗೆ ಸೇರಬೇಕು. ಗಾಜಿನ ಕಿಟಕಿಯ ಹಿಂದೆ ಸಾಲು ಸಾಲು ಗುಂಡಿಗಳ ಮುಂದೆ ಕೂತು, ಗಾಯಕನ ದನಿ ಎಷ್ಟು, ತಬಲ ಎಷ್ಟು, ಪಿಟೀಲು ಎಷ್ಟು ಅಂತ ಅಳೆದು ಬೆರೆಸುವ ಸೌಂಡ್ ಇಂಜಿನಿಯರ್ ಅವನು. ಅವನ ಮುಂದಿರುವ ಯಂತ್ರವೇ ಮಿಕ್ಸರ್.

ಶಬ್ದಕ್ಕಾಗಿ ಕನ್ನಡ ಚಿತ್ರರಂಗ ಊರೂರು ಅಲೆದಿದೆ. 1934ರ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ಕೊಲ್ಹಾಪುರದಲ್ಲಿ. ಆಮೇಲೆ ಎಷ್ಟೋ ವರ್ಷ ಹಾಡಿನ ರೆಕಾರ್ಡಿಂಗ್ ಎಂದರೆ ಮದರಾಸಿನ ರೈಲು ಹತ್ತಬೇಕಿತ್ತು. ಬೆಂಗಳೂರಿನಲ್ಲೇ 'ಸಂಕೇತ್' ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದ ಛಲಗಾರ ನಮ್ಮ ಶಂಕರ್ ನಾಗ್. ಈಗ ಸ್ಟುಡಿಯೋ ಮಲಗುವ ಕೋಣೆಗೇ ಬಂದುಬಿಟ್ಟಿದೆ! ಅಮೆರಿಕದ ಬಿಲ್ಲಿ ಐಲಿಶ್ ಎಂಬ ಹುಡುಗಿ ಅಣ್ಣನ ಜೊತೆ ಮನೆಯ ಕೋಣೆಯಲ್ಲಿ ಮಾಡಿದ ಆಲ್ಬಂ 2020ರಲ್ಲಿ ವರ್ಷದ ಆಲ್ಬಂ ಎಂದು ಗ್ರ್ಯಾಮಿ ಪ್ರಶಸ್ತಿ ಹೊಡೆಯಿತು.

ಇದನ್ನೆಲ್ಲ ಕೇಳಿದ ಮೇಲೆ ನಮ್ಮ ಹುಡುಗರು ಸುಮ್ಮನಿರುತ್ತಾರೆಯೇ?

ಚೀಟಿ ದುಡ್ಡು, ಮಗ್ಗದ ಮನೆ

ದೊಡ್ಡಬಳ್ಳಾಪುರದ ಒಬ್ಬ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ಮನೆಯಲ್ಲಿ ಪವರ್‌ಲೂಮ್, ಅಪ್ಪ ರೇಷ್ಮೆ ಸೀರೆ ನೇಯುವವರು. ಇವನು ರಾಗ ಹಾಕುತ್ತಾನೆ, ಸ್ನೇಹಿತರ ಕಿರುಚಿತ್ರಗಳಿಗೆ ಸಂಗೀತ ಮಾಡುತ್ತಾನೆ. ಚೀಟಿ ಎತ್ತಿ 40,000 ರೂಪಾಯಿ ಕೈಯಲ್ಲಿ ಹಿಡಿದಿದ್ದ.

"ಅಣ್ಣಾ, ಎಸ್.ಪಿ. ರೋಡಲ್ಲಿ ಒಂದು ಮಿಕ್ಸರ್ ನೋಡಿ ಬಂದಿದ್ದೀನಿ. ಇಪ್ಪತ್ನಾಲ್ಕು ಚಾನಲ್ ಐತೆ, ಲೈಟೆಲ್ಲ ಜಗಜಗ ಅಂತದೆ. ಅಪ್ಪ ಮಾತ್ರ, ಆ ದುಡ್ಡಲ್ಲಿ ನೂಲು ತರಬೋದಲ್ಲೋ ಅಂತಾರೆ. ಏನ್ ಮಾಡ್ಲಿ?"

"ಒಂದೇ ಸಲಕ್ಕೆ ಎಷ್ಟು ಮೈಕ್ ಇಡ್ತೀಯಪ್ಪ?" ಅಂದೆ.

ಬೆರಳು ಎಣಿಸಿದ. ಹಾಡೋದು ಒಬ್ಬರು, ಒಂದು ಮೈಕ್. ಹಾರ್ಮೋನಿಯಂ ಬೇರೆ ಹೊತ್ತಿಗೆ. ತಬಲಕ್ಕೆ ಎರಡು. "ಎರಡೇ ಅಣ್ಣಾ!" ಎಂದ. ಉಳಿದ ಇಪ್ಪತ್ತೆರಡು ಚಾನಲ್‌ಗೆ ಧೂಳು ಕೂರಬೇಕಷ್ಟೆ. ಬೀಟಲ್ಸ್ ತಂಡ 1967ರಲ್ಲಿ 'ಸಾರ್ಜೆಂಟ್ ಪೆಪ್ಪರ್' ಆಲ್ಬಂ ಮಾಡಿದ್ದು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರಗಳಲ್ಲಿ ಎಂದು ಹೇಳಿದಾಗ ಹುಡುಗ ಬಾಯಿ ಬಿಟ್ಟು ನೋಡಿದ.

ಬಿಸಿಬೇಳೆಬಾತಿನ ಲೆಕ್ಕ

ಇಲ್ಲೊಂದು ಗುಟ್ಟಿದೆ, ಗಮನಿಸಿ. ಯುಎಸ್‌ಬಿ ಇರುವ ಮಿಕ್ಸರ್ ಎಂದರೆ ಎಲ್ಲ ಚಾನಲ್ಲೂ ಕಂಪ್ಯೂಟರಿಗೆ ಬೇರೆ ಬೇರೆಯಾಗಿ ಹೋಗುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ! ಯಮಹಾ ಎಂಜಿ10ಎಕ್ಸ್‌ಯು ತಗೊಳ್ಳಿ. ನಾಲ್ಕು ಮೈಕ್ ಸಿಕ್ಕಿಸಬಹುದು, ಒಳ್ಳೇ ಯಂತ್ರ. ಆದರೆ ಕಂಪ್ಯೂಟರಿಗೆ ಹೋಗುವುದು ಎಡ, ಬಲ ಎಂಬ ಎರಡೇ ಟ್ರ್ಯಾಕ್. ನಾಲ್ಕೂ ಬೆರೆತು ಹೋಗಿರುತ್ತದೆ. ಆಮೇಲೆ "ತಬಲ ಜಾಸ್ತಿ ಆಯ್ತು, ಸ್ವಲ್ಪ ಇಳಿಸಿ" ಅಂದರೆ? ಬಿಸಿಬೇಳೆಬಾತ್ ಆದ ಮೇಲೆ ಬೇಳೆ ಬೇರೆ, ಅಕ್ಕಿ ಬೇರೆ ಮಾಡಲಾದೀತೆ?

ಪ್ರತಿ ಚಾನಲ್ ಬೇರೆಯಾಗಿಯೇ ಬೇಕೆಂದರೆ ಮಲ್ಟಿಟ್ರ್ಯಾಕ್ ಎಂದು ಸ್ಪಷ್ಟವಾಗಿ ಬರೆದಿರುವುದನ್ನು ಕೇಳಬೇಕು. ಸೌಂಡ್‌ಕ್ರಾಫ್ಟ್ ಸಿಗ್ನೇಚರ್ 12 ಎಂಟಿಕೆ ಆ ಜಾತಿಯದು. ಜೂಮ್ ಲೈವ್‌ಟ್ರ್ಯಾಕ್ ಎಲ್-12 ಕಂಪ್ಯೂಟರ್ ಇಲ್ಲದೆಯೇ ಎಸ್‌ಡಿ ಕಾರ್ಡಿಗೆ ಬೇರೆ ಬೇರೆಯಾಗಿ ತುಂಬುತ್ತದೆ. ಆರ್ಕೆಸ್ಟ್ರಾ ಪಾರ್ಟಿಯವರಿಗೆ, ಇಡೀ ಭಜನೆ ಮಂಡಳಿಯನ್ನು ಒಟ್ಟಿಗೆ ಕೂರಿಸಿ ಹಿಡಿಯುವವರಿಗೆ ಇಂಥದ್ದೇ ಸರಿ. ಒಬ್ಬೊಬ್ಬರನ್ನೇ ಹಾಡಿಸುವವರಿಗೆ ಮಿಕ್ಸರೇ ಬೇಡ. ಎರಡು ಮೈಕಿನ ಆಡಿಯೊ ಇಂಟರ್‌ಫೇಸ್ ಸಾಕು. ಬೆರೆಸುವ ಕೆಲಸ ಕಂಪ್ಯೂಟರಿನೊಳಗೇ ಆಗುತ್ತದೆ.

ಕರೆಂಟ್ ಹೋದಾಗಲೇ ಮುಹೂರ್ತ!

ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬ ಖಳನಾಯಕನಿದ್ದಾನೆ, ಸದ್ದು! ದೊಡ್ಡಬಳ್ಳಾಪುರದಲ್ಲಿ ಮಗ್ಗದ ಖಟಖಟ. ದೇವನಹಳ್ಳಿಯಲ್ಲಿ 2008ರಿಂದ ತಲೆಯ ಮೇಲೆ ವಿಮಾನ. ಹೊಸಕೋಟೆ, ನೆಲಮಂಗಲದಲ್ಲಿ ಹೆದ್ದಾರಿ ಲಾರಿಗಳ ಹಾರನ್. ಎಷ್ಟು ಲಕ್ಷದ ಮಿಕ್ಸರ್ ತಂದರೂ ಮೈಕಿನೊಳಗೆ ನುಗ್ಗಿದ ಸದ್ದನ್ನು ಅದು ಪೂರ್ತಿ ತೆಗೆಯಲಾರದು.

"ಮಗ್ಗ ಯಾವಾಗ ನಿಲ್ಲುತ್ತೆ?" ಎಂದು ಹುಡುಗನನ್ನು ಕೇಳಿದೆ. "ರಾತ್ರಿ ಹೊತ್ತಾದ ಮೇಲೆ. ಇಲ್ಲಾಂದ್ರೆ ಕರೆಂಟ್ ಹೋದಾಗ" ಅಂದ. ಅಲ್ಲೇ ಉತ್ತರ ಸಿಕ್ಕಿತು! ಸಾಮಾನ್ಯ ಮಿಕ್ಸರ್‌ಗೆ ಗೋಡೆಯ ಕರೆಂಟ್ ಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಥರದ ಇಂಟರ್‌ಫೇಸ್ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಓಡುತ್ತದೆ. ಕರೆಂಟ್ ಹೋಯಿತು, ಬೀದಿಯ ಮಗ್ಗಗಳೆಲ್ಲ ನಿಂತವು, ಲ್ಯಾಪ್‌ಟಾಪಿನ ಬ್ಯಾಟರಿ ಮೇಲೆ ಹಾಡು ಶುರು!

ಹುಡುಗ ಎರಡು ಮೈಕಿನ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತಂದ. ಗೋಡೆಗೆ ಹಳೆಯ ರಗ್ಗು ತೂಗುಹಾಕಿದ. ಮಿಕ್ಕ ದುಡ್ಡು ಅಪ್ಪನ ನೂಲಿಗೆ ಹೋಯಿತು. ಅಪ್ಪ ಈಗ, "ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಹೇಳೋ, ಮಗ್ಗ ಆಫ್ ಮಾಡ್ತೀನಿ" ಅಂತಾರಂತೆ!

ಅಂಗಡಿಗೆ ಹೋಗುವ ಮುನ್ನ

ಮಿಕ್ಸರೇ ಬೇಕು ಎನ್ನುವವರು ಇಷ್ಟು ನೋಡಿಕೊಳ್ಳಿ. ಚಾನಲ್ ಎಣಿಸಬೇಡಿ, ಮೈಕ್ ಸಿಕ್ಕಿಸುವ ಮೂರು ತೂತಿನ ಎಕ್ಸ್‌ಎಲ್‌ಆರ್ ಜಾಗ ಎಷ್ಟಿವೆ ಎಣಿಸಿ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ ಇರಲೇಬೇಕು. ತಮಟೆಯಂಥ ಜೋರು ವಾದ್ಯ ಹಿಡಿಯುವುದಾದರೆ, ಬರುವ ದನಿಯನ್ನು ತಗ್ಗಿಸುವ ಪ್ಯಾಡ್ ಸ್ವಿಚ್ ಇದೆಯೇ ಕೇಳಿ. ಸಿನಿಮಾ ಕೆಲಸವೆಂದರೆ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ. ಗೇನ್ ಹೆಚ್ಚಿಸಿ ಕೆಂಪು ದೀಪ ಹತ್ತಿಸಬೇಡಿ. ಒಡೆದ ದನಿಯನ್ನು ಆಮೇಲೆ ಕೂಡಿಸುವುದು ದೊಡ್ಡ ತಲೆನೋವು.

ಸೆಕೆಂಡ್ ಹ್ಯಾಂಡ್ ಆದರೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಗುಂಡಿ ತಿರುಗಿಸಿ, ಫೇಡರ್ ಮೇಲೆ ಕೆಳಗೆ ಎಳೆಯಿರಿ. ಕರಕರ ಅಂದರೆ ದುಡ್ಡು ಜೇಬಿನಲ್ಲೇ ಇರಲಿ. ಮನೆಯಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ ಹೊಸ ಮಿಕ್ಸರೂ ಗುಂಯ್ ಎನ್ನುತ್ತದೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಮಿತ್ರರೇ, ಮುಂದಿನ ಸಲ ಟೈಟಲ್ ಕಾರ್ಡಿನಲ್ಲಿ ಶಬ್ದಗ್ರಹಣ ಎಂದು ಬಂದಾಗ ಸೀಟು ಹುಡುಕುತ್ತಾ ಓಡಾಡಬೇಡಿ. ನಿಂತು ಆ ಹೆಸರು ಓದಿ. ನಾಳೆ ಅಲ್ಲಿ ನಿಮ್ಮ ಪಕ್ಕದ ಬೀದಿಯವನ ಹೆಸರು ಬಂದರೂ ಬರಬಹುದು!